ಮೈಮೇಲೆ ನಿಲ್ಲದ ಶಿವದಾರ

ಕೊರಳಿನ ಶಿವದಾರ ತೆಗೆದು ಗೋಡೆಯ ಗೂಡಿನಲ್ಲಿ, ದೇವರ ಮಾಡದಲ್ಲಿ, ಇಟ್ಟ ದಿನ ನಮ್ಮ ಅತ್ತೆ ನನ್ನ ಕೈಯ ನೀರು ಕುಡಿಯುವುದನ್ನು ಬಿಟ್ಟರು. ಇಪ್ಪತ್ತಾರು ವರ್ಷ ಅವರಿಗೆ ರೊಟ್ಟಿ ಬಡಿದು ಹಾಕಿದ ಕೈ ಇದು. ಇವತ್ತಿಗೂ ನೆನೆದರೆ ಸಿಟ್ಟು ನೆತ್ತಿಗೇರುತ್ತದೆ.

ನಮ್ಮದು ಆಳಂದ. ನಾನು ನರೋಣಾದ ಶಾಲೆಯಲ್ಲಿ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಮನೆಯಲ್ಲಿ ಎಲ್ಲರಿಗೂ ಲಿಂಗದೀಕ್ಷೆ ಆಗಿದೆ. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ, ಅದಕ್ಕೆ ಕಟ್ಟಿದ ದಾರ ಕೊರಳಲ್ಲಿ. ಸ್ನಾನಕ್ಕೂ ಅದನ್ನು ದೂರ ಇಡುವವರಲ್ಲ ನಾವು. ಅಂಥ ಮನೆಯಲ್ಲಿ ನಾನು ತೆಗೆದಿಟ್ಟೆ. ಸುಮ್ಮಸುಮ್ಮನೆ ತೆಗೆದೆನೇ?

ಎಲ್ಲ ಶುರುವಾಗಿದ್ದು ಅಫಜಲಪುರದ ಒಂದು ಮದುವೆಯಲ್ಲಿ. ಊಟದ ಪಂಕ್ತಿಯಲ್ಲಿ ನಾನು ಕೂರುವ ಹೊತ್ತಿಗೆ ಸರಿಯಾಗಿ ಅತ್ತೆ ನಾಲ್ಕು ಜನರಿಗೆ ಕೇಳುವಂತೆ ಅಂದರು: "ಒಂದೀಟು ಸರೀರಿ, ನಮ್ ಸೊಸಿಗಿ ಇಬ್ಬರ ಜಾಗ ಬೇಕ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ, ದಡ್ಡಿಯ ಹಾಗೆ. ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ.

ಮುಂದಿನ ವಾರವೇ ಕಲಬುರಗಿಯ ಒಂದು ಕ್ಲಿನಿಕ್ಕಿಗೆ ಹೋದೆ. ಸಕ್ಕರೆ ಕಾಯಿಲೆ ಮೊದಲೇ ಇತ್ತು. "ವಾರಕ್ಕೊಂದು ಇಂಜೆಕ್ಷನ್ ರಿ. ಶುಗರೂ ಇಳೀತದ, ತೂಕಾನೂ ಇಳೀತದ" ಎಂದರು ಡಾಕ್ಟರು. ಸುಳ್ಳು ಹೇಳಲಿಲ್ಲ. ಹಸಿವು ಅಡಗಿತು, ರವಿಕೆಗಳು ಸಡಿಲಾದವು. ವಾಕರಿಕೆ ಬರಬಹುದು ಅಂದಿದ್ದರು, ಬಂತು, ತಡೆದುಕೊಂಡೆ. ಆಮೇಲೆ ಡೋಸ್ ಏರಿಸಿದರು.

ಅದಾದ ಮೇಲೆ ಮೈ ಉರಿಯತೊಡಗಿತು. ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ಗೋಣಿಚೀಲ ಎಳೆದಂತೆ. ಫ್ಯಾನಿನ ಗಾಳಿ ತಾಗಿದರೂ ಉರಿ, ಸೀರೆಯ ನೆರಿಗೆ ತೊಡೆಗೆ ಸವರಿದರೂ ಉರಿ. ಬಸ್ಸಿನಲ್ಲಿ ಪಕ್ಕದವಳ ಸೆರಗು ತೋಳಿಗೆ ತಾಗಿ ಚೀರಿಬಿಟ್ಟೆ, ಆಕೆ ಪಾಪ ಹೆದರಿ ಎದ್ದು ನಿಂತಳು. ಕನ್ನಡಿ ಮುಂದೆ ನಿಂತು ನೋಡಿದರೆ ಒಂದು ಗುಳ್ಳೆಯಿಲ್ಲ, ಕೆಂಪಿಲ್ಲ. ಮೈ ನೋಡಲು ನೆಟ್ಟಗಿತ್ತು.

ಡಾಕ್ಟರಿಗೆ ಹೇಳಿದೆ. ಅವರು ಫೋನಿನಿಂದ ಕಣ್ಣೆತ್ತಿ, "ಎಲ್ಲಿ, ಏನೂ ಕಾಣವಲ್ದಲ್ರಿ? ಈ ವಯಸ್ಸಿನಾಗ ಹೆಣ್ಮಕ್ಕಳಿಗಿ ಹಿಂಗ ಅನಸ್ತದ. ಮನಸಿಗಿ ಹಚ್ಕೋಬ್ಯಾಡ್ರಿ" ಎಂದರು. ಮುಟ್ಟಿಯೂ ನೋಡಲಿಲ್ಲ ಆ ಪುಣ್ಯಾತ್ಮ! ಅದೇ ಡೋಸ್ ಮತ್ತೆ ಚುಚ್ಚಿಸಿ ಕಳಿಸಿದರು. ನಾನು ನಮಸ್ಕಾರ ಬೇರೆ ಮಾಡಿ ಬಂದೆ, ನನ್ನ ಕರ್ಮಕ್ಕೆ.

ಮೊದಲು ತಾಳಿ ತೆಗೆದೆ. ಕೊಂಡಿ ಬಿಚ್ಚಿದವರು ನನ್ನ ಗಂಡನೇ. "ಆರಾಮಾದ ಮ್ಯಾಲೆ ಹಾಕ್ಕೋ, ಎಲ್ಲಿ ಓಡಿ ಹೋಗ್ತದ" ಅಂದರು. ಶಿವದಾರ ಮಾತ್ರ ಹಲ್ಲು ಕಚ್ಚಿ ಇಟ್ಟುಕೊಂಡೆ. ರವಿಕೆ ಮೇಲೆ ಕಟ್ಟಿ ನೋಡಿದೆ, ಕರಡಿಗೆಯ ಭಾರಕ್ಕೆ ಬಟ್ಟೆ ಎದೆಗೆ ಒತ್ತಿ ಇನ್ನೂ ಸುಟ್ಟಿತು. ಒಂದು ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿದವಳು ಮತ್ತೆ ಕೊರಳಿಗೆ ಹಾಕಿಕೊಳ್ಳಲಾಗದೆ ಅತ್ತುಬಿಟ್ಟೆ. ಆಮೇಲೆ ಮಾಡದಲ್ಲಿ ಬಟ್ಟೆ ಹಾಸಿ ಇಟ್ಟೆ.

ಅತ್ತೆ ನೋಡಿದರು. ನಾನು ತಂದ ತಂಬಿಗೆಯನ್ನು ಕೈಯಿಂದ ಆಚೆ ಸರಿಸಿದರು.

"ಲಿಂಗ ಮೈಮ್ಯಾಲೆ ಇಲ್ದಾಕಿ ಕೈಲಿಂದ ನಾ ನೀರ್ ಕುಡಿಯಂಗಿಲ್ಲವಾ. ಲಿಂಗ ಸುಡಾಕತ್ತೈತಿ ಅಂದ್ರ ಏನೋ ತಪ್ಪು ಮಾಡೀದಿ ನೀ."

ತಪ್ಪಂತೆ! ಮರುದಿನದಿಂದ ಅವರ ಕೋಣೆಗೆ ಬೇರೆ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಬಂತು. ಅದನ್ನು ಯಾವ ಊರಲ್ಲಿ ಯಾರು ತುಂಬಿದರೋ, ಅವರ ಕೊರಳಲ್ಲಿ ಏನಿತ್ತೋ, ಯಾರೂ ಕೇಳಲಿಲ್ಲ. ಅದು ಮಡಿ, ನಾನು ಮೈಲಿಗೆ. ಗಂಡ ಎರಡು ಸಲ ತಿಳಿಹೇಳಲು ಹೋಗಿ, ಬೈಸಿಕೊಂಡು, ಪೇಪರ್ ಹಿಡಿದು ಕೂತರು. ಅವರ ಮೇಲೂ ಸಿಟ್ಟು ಬಂತು.

ಮುಂದಿನ ಇಂಜೆಕ್ಷನ್ನಿಗೆ ಹೋದಾಗ ನರ್ಸಿಗೆ ಔಷಧದ ಡಬ್ಬಿ ಕೊಡು ಎಂದೆ. "ಯಾಕ್ರಿ ಮೇಡಂ, ಅದನ್ನ ಯಾರೂ ಒಯ್ಯಂಗಿಲ್ಲ" ಎಂದಳು. ಬುಟ್ಟಿಗೆ ಎಸೆಯುವುದನ್ನು ಕಸಿದುಕೊಂಡೇ ಬಂದೆ, ಚುಚ್ಚಿಸಿಕೊಳ್ಳದೆ. ಒಳಗೆ ಮಡಚಿಟ್ಟ ತೆಳ್ಳನೆ ಕಾಗದ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ಕನ್ನಡಕ ಒರೆಸಿ ಒರೆಸಿ ಓದಿದೆ. ಕೆಲವರಿಗೆ ಚರ್ಮದ ಸ್ಪರ್ಶ ಬದಲಾಗಬಹುದು, ಉರಿ, ನೋವು ಆಗಬಹುದು ಎಂದಿತ್ತು. ಇಷ್ಟು ದಿನ ಅದು ಆ ಡಬ್ಬಿಯಲ್ಲೇ ಇತ್ತು. ಪ್ರತಿ ವಾರ ಬುಟ್ಟಿಗೆ ಹೋಗುತ್ತಿತ್ತು!

ಜೇವರ್ಗಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳು ತೋರಿಸಿಕೊಳ್ಳುವ ಲೇಡಿ ಡಾಕ್ಟರ ಬಳಿ ಕರೆದೊಯ್ದಳು. ಅವರು ಹತ್ತಿಯ ಎಳೆಯೊಂದನ್ನು ನನ್ನ ತೋಳಿನ ಮೇಲೆ ಮೆಲ್ಲಗೆ ಎಳೆದರು. ನಾನು ಕೈ ಕಿತ್ತುಕೊಂಡೆ.

"ಡೋಸ್ ಏರಿಸಿದ ಮ್ಯಾಲೆ ಶುರು ಆತೇನ್ರಿ?"

"ಹೌದ್ರಿ."

"ಔಷಧದಿಂದನೇ ಅಂತ ಖಾತ್ರಿ ಹೇಳಾಕ ಬರಂಗಿಲ್ರಿ, ಆದ್ರ ಆಗಿರಬಹುದು. ಸದ್ಯಕ್ಕ ನಿಲ್ಲಸೂಣು. ಶುಗರ್ ನೋಡ್ಕೋತ, ಬೇಕಾದ್ರ ಮತ್ತ ಸಣ್ಣ ಡೋಸಿಂದ ನೋಡೂಣು. ನಿಮಗ ಉರಿ ಆಗಾಕತ್ತಿದ್ದು ಖರೇನ ಐತ್ರಿ."

ಖರೇ ಅನ್ನುವ ಆ ಒಂದು ಮಾತಿಗೆ ಅಲ್ಲೇ ಕುರ್ಚಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ತಂಗಿಗೆ ಬೆನ್ನು ಸವರಲೂ ಆಗಲಿಲ್ಲ, ಸವರಿದರೆ ಉರಿಯುತ್ತದಲ್ಲ.

ಮನೆಗೆ ಬಂದು ಅತ್ತೆಗೆ ಆ ಕಾಗದ ತೋರಿಸಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಅವರು ಗೋಡೆ ಕಡೆ ಮುಖ ಮಾಡಿಕೊಂಡು, "ಕಾಗದದಾಗ ಏನ್ ಬೇಕಾದ್ದು ಬರೀತಾರ" ಎಂದರು. ಕ್ಯಾನ್ ಹಾಗೇ ಉಳಿಯಿತು.

ಉರಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಫ್ಯಾನಿನ ಗಾಳಿ ಸಹ್ಯವಾಯಿತು, ಆಮೇಲೆ ಸೀರೆ. ಐದಾರು ವಾರದ ಮೇಲೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಶಿವದಾರವನ್ನು ಹೆದರುತ್ತಲೇ ಕೊರಳಿಗೆ ಹಾಕಿಕೊಂಡೆ. ತಣ್ಣಗಿತ್ತು. ಕರಡಿಗೆಯನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಕೂತೆ.

ಹೊರಗೆ ಬಂದಾಗ ಅತ್ತೆ ನನ್ನ ಕೊರಳು ನೋಡಿದರು. ಮುಖ ಅರಳಿತು. ಏನೂ ನಡೆದೇ ಇಲ್ಲ ಎನ್ನುವಂತೆ ಖಾಲಿ ತಂಬಿಗೆ ಚಾಚಿದರು.

"ಈಗ ನೋಡು ಹೆಂಗ ಕಾಣ್ತಿ! ಮೈಯೂ ಇಳದೈತಿ, ಲಿಂಗಾನೂ ಬಂತು. ತಾ, ನಿನ್ನ ಕೈಲಿಂದ ನೀರ್ ಕೊಡವಾ."

ತಂಬಿಗೆ ಇಸಕೊಂಡೆ. ಅಡುಗೆಮನೆಗೆ ಹೋಗಲಿಲ್ಲ. ಅವರ ಕೋಣೆಯ ಕ್ಯಾನಿನಿಂದ ತುಂಬಿ ತಂದು ಅವರ ಮುಂದೆ ನೆಲದ ಮೇಲೆ ಇಟ್ಟೆ.

"ನನ್ನ ಮೈ ಉರಿಯಾಕತ್ತಾಗ ನಿಮಗ ಇದೇ ಸಾಕಾಗಿತ್ರಿ ಅತ್ತಿ. ಈಗೂ ಇದನ್ನೇ ಕುಡೀರಿ."

ಚೀಲ ಹೆಗಲಿಗೆ ಹಾಕಿಕೊಂಡು ನರೋಣಾದ ಬಸ್ಸಿಗೆ ಹೊರಟೆ. ಸಂಜೆ ಬಂದು ನೋಡಿದರೆ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಅಲ್ಲೇ ಇತ್ತು.