ಬೇಸ್ ಗಿಟಾರ್ ಮೇಲೆ ಕೂತ ಬಸವಣ್ಣ

ಮಹಾಸಭಿಕರೇ, ಬೆಳಗಿನಿಂದ ನನ್ನ ತಲೆ ಕೆಟ್ಟಿದೆ, ಕೇಳಿ. ನನ್ನ ಬೇಸ್ ಗಿಟಾರಿನ ಸೌಂಡ್ ಏರಿಸಲು ತಿರುವುವ ನಾಬ್ ಇಂದಿನಿಂದ ಹಿತ್ತಾಳೆಯ ಪುಟ್ಟ ನಂದಿ ಬಸವಣ್ಣ. ಕುರುಗೋಡಿನಲ್ಲಿ ಹೇಳಿ ಮಾಡಿಸಿದ್ದು. ಸಂಜೆ ಆರತಕ್ಷತೆಯೊಂದರಲ್ಲಿ ನಮ್ಮ ಆರ್ಕೆಸ್ಟ್ರಾ ಇದೆ. ನಾಬ್ ಕೂರಿಸಿ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅವ್ವ ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಕೈಮುಗಿದು ನಿಂತಿದ್ದಳು. ಸೌಂಡ್ ನೋಡೋಣವೆಂದು ನಾನು ನಾಬಿಗೆ ಕೈಹಾಕಿದೆ.

“ಲೇ, ಬಸವಣ್ಣನ ಕೋಡು ಹಿಡಿದು ತಿರುವ್ತೀಯಲ್ಲೋ, ಬುದ್ಧಿ ಐತೇನು?”

“ಯವ್ವಾ, ಅದನ್ನ ತಿರುವಿದ್ರಷ್ಟ ಸೌಂಡ್ ಬರ್ತೈತಿ.”

“ಪೂಜಿ ಆಗೇತಿ. ಇನ್ನ ಸ್ವಾಮಿನ್ನ ಅಲ್ಲಾಡಸಂಗಿಲ್ಲ.”

“ಸಂಜಿಗೆ ಪ್ರೋಗ್ರಾಂ ಐತಿ. ಸುಮ್ನ ನಿಂದ್ರಲೇನು?”

ಅವ್ವ ಬಸವಣ್ಣನ ಹೂವು ಸರಿಮಾಡಿದಳು. “ಸ್ವಾಮಿ ಹಂಗೇ ಇರ್ಲಿ. ನೀ ಗಿಟಾರ್ ತಿರುವು.”

ನಗಲು ಹೋದೆ. ಆಮೇಲೆ ಬಸವಣ್ಣನನ್ನು ಅಲುಗದಂತೆ ಹಿಡಿದು ಗಿಟಾರನ್ನೇ ತಿರುಗಿಸಿ ನೋಡಿದೆ. ಸೌಂಡ್ ಬಂತು! ಆದರೆ ಈಗ ಗಿಟಾರನ್ನು ನೆಟ್ಟಗೆ ಹಿಡಿದರೆ ಬಸವಣ್ಣ ತಲೆಕೆಳಗು, ಬಸವಣ್ಣ ನೆಟ್ಟಗಿದ್ದರೆ ಗಿಟಾರ್ ತಲೆಕೆಳಗು. ಯಾವುದು ಸರಿಯೆಂದು ಇನ್ನೂ ತಿಳಿಯುತ್ತಿಲ್ಲ.

ಸಂಜೆ ವೇದಿಕೆಯ ಮೇಲೆ ಗಿಟಾರನ್ನು ತಲೆಕೆಳಗಾಗಿ ಹಿಡಿದವನು ಕಂಡರೆ ಹೊಸ ಸ್ಟೈಲ್ ಎಂದು ನಂಬಿಬಿಡಿ. ಅವ್ವ ಮೊದಲ ಸಾಲಿನಲ್ಲೇ ಕೂತಿರುತ್ತಾಳೆ.