ಉಪ್ಪಿನ ರಾಣಿ ದೊಡ್ಡವಳೋ, ಸುರಂಗದ ಮುದುಕ ದೊಡ್ಡವನೋ

ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಎಡಗಾಲಿನ ಹರಡು ಮುರಿಯಿತು. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ ನನ್ನದು. ದಿನವಿಡೀ ನಿಲ್ಲಲಾಗದವಳು ಅಲ್ಲಿದ್ದು ಮಾಡುವುದೇನು? ಆರು ವಾರ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು.

ನಮ್ಮ ಮನೆ ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ. ನನ್ನ ಗಂಡ ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗೆ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. ಆದ್ದರಿಂದ ಈ ಗಲಾಟೆಯಲ್ಲಿ ಅವರ ಪಾಲಿಲ್ಲ. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದುದು ನಾನು, ನನ್ನ ಅತ್ತೆ, ಎರಡು ಸೀಮೆ ಹಸು. ನಾನು ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಮಂಚ ಹಾಕಿಸಿಕೊಂಡು, ಕಾಲು ಎತ್ತಿಟ್ಟುಕೊಂಡು, ಫೋನಿನಲ್ಲಿ ಕತೆ ಕೇಳತೊಡಗಿದೆ.

ಕತೆ ಓದಿ ಹೇಳುವ ಆ್ಯಪು ಅದು. ನೂರಿಪ್ಪತ್ತು ಕಂತುಗಳ ಮಾಯಾಲೋಕದ ಕತೆ. ನಡುವೆ ಮಿಂಚಿನ ಕತ್ತಿ ಹಿಡಿದ ಒಬ್ಬ ರಾಜಕುಮಾರ. ಅವನ ವೈರಿ, ಏಳು ದ್ವೀಪಗಳನ್ನು ಆಳುವ ಉಪ್ಪಿನ ರಾಣಿ. ಅವಳು ಮನಸ್ಸು ಮಾಡಿ ಮುಟ್ಟಿದ್ದೆಲ್ಲ ಉಪ್ಪಾಗಿಬಿಡುತ್ತಿತ್ತು. ಬೆಟ್ಟದ ಒಳಗೆ ಮುನ್ನೂರು ಜನರನ್ನಿಟ್ಟುಕೊಂಡು ಸುರಂಗ ತೋಡುತ್ತಿದ್ದ ಮುದುಕನೊಬ್ಬನಿದ್ದ. ಬಂಡೆಗೆ ಕಿವಿಯಿಟ್ಟರೆ ಅದು ಯಾವಾಗ ಬಿರಿಯುತ್ತದೆಂದು ಅವನಿಗೆ ತಿಳಿಯುತ್ತಿತ್ತು. ನಾನು ರಾಜಕುಮಾರನ ಕಡೆ. ಅವನ ಕಂಠ ಚೆನ್ನಾಗಿತ್ತು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ.

ಮೂರನೆಯ ದಿನ ಸಗಣಿ ಬಾಚುತ್ತಿದ್ದ ಅತ್ತೆ ಪೊರಕೆ ಹಿಡಿದೇ ಜಗಲಿಗೆ ಬಂದರು.

"ಏನಮ್ಮಿ, ಆವಮ್ಮ ಸೇನಾಪತೀನ ಉಪ್ ಮಾಡುದ್ಲಾ?"

"ಮಾಡಿದ್ಲು ಅತ್ತೆ."

"ಚೆಂದಾಗ್ ಮಾಡುದ್ಲು. ಮೊದ್ಲಿಂದ ಆಕು."

ಹಾಗೆ ಮೊದಲಿನಿಂದ ಶುರುವಾಯಿತು. ಅದೇ ವಾರ ಅತ್ತೆಯ ಅಣ್ಣ, ನಾನು ಮಾವ ಎಂದು ಕರೆಯುವವರು, ನನ್ನ ಕಾಲು ನೋಡಲೆಂದು ಮೂಸಂಬಿ ಹಿಡಿದು ಬಂದರು. ಉರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಗಾರರ ಮನೆಯೊಂದರಲ್ಲಿ ಒಬ್ಬರೇ ಇರುವವರು. ಗಣಿ ಮುಚ್ಚುವವರೆಗೂ ಭೂಮಿಯೊಳಗೆ ಸುರಂಗ ಕುಸಿಯದಂತೆ ಮರದ ಆಸರೆ ಕೊಡುವ ಕೆಲಸ ಮಾಡಿದವರು. ಅವತ್ತಿನ ಕಂತಿನಲ್ಲಿ ಮುದುಕ ಬಂಡೆಗೆ ಕಿವಿಯಿಟ್ಟು, "ಎಲ್ಲರೂ ಮೇಲೆ ನಡೆಯಿರಿ" ಎಂದ. ಮಾವ ಸುಲಿಯುತ್ತಿದ್ದ ಮೂಸಂಬಿ ಹಾಗೇ ಬಿಟ್ಟರು.

"ಇವ್ನು ಕಣಮ್ಮ ಆಳು! ಇದ್ ಬರ್ದೋನು ಕೆಳಗ್ ಇಳ್ದವ್ನೆ. ಇಳೀದೆ ಇದು ಗೊತ್ತಾಗಾಕಿಲ್ಲ."

ಮರುದಿನವೂ ಬಂದರು. ಆಮೇಲೆ ದಿನಾ ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಯಲ್ಲಿಳಿದು, ಅಲ್ಲಿಂದ ನಡೆದುಕೊಂಡು ಬರತೊಡಗಿದರು. ನನ್ನ ಕಾಲಿನ ವಿಚಾರ ಯಾರೂ ಕೇಳಲಿಲ್ಲ.

ಒಂದು ಸಂಜೆಗೆ ಒಂದೇ ಕಂತು ಎಂದು ಅತ್ತೆಯೇ ಕಟ್ಟು ಮಾಡಿದರು. ಹಾಲು ಕರೆದು, ಡೈರಿಗೆ ಹಾಕಿ ಬಂದ ಮೇಲೆ ಕೇಳುವುದು. ಕೇಳಿದ್ದಕ್ಕಿಂತ ಎರಡು ಪಟ್ಟು ಹೊತ್ತು ಜಗಳ. ಸಿಟ್ಟು ಬಂದರೆ ಮಾವನ ಬಾಯಲ್ಲಿ ಗಣಿಯ ತಮಿಳು, ಅತ್ತೆಯ ಬಾಯಲ್ಲಿ ಊರಿನ ತೆಲುಗು. ನಡುವೆ ನಾನು ಇಬ್ಬರಿಗೂ ತಲೆಯಾಡಿಸುತ್ತಿದ್ದೆ.

"ಇವ್ಳದೇನ್ ದೊಡ್ ಸಂಗ್ತಿ? ಮುಟ್ಟಿದ್ರೆ ಉಪ್ಪಾಯ್ತದೆ. ಮುಟ್ಟುಸ್ಕಳ್ದೆ ಓಡೋದ್ರೆ?" ಎಂದರು ಮಾವ.

"ಎಲ್ಲಿಗ್ ಓಡ್ತಾನೆ? ಏಳು ದೀವಿ ಆಳ್ತವ್ಳೆ ಕಣಣ್ಣ. ಮೂರ್ ದಪ ಸೋತ್ಲು, ಮೂರ್ ದಪಾನೂ ಎದ್ದು ಕುಂತ್ಲು. ನಿನ್ ಮುದ್ಕ ಏನ್ ಆಳ್ತವ್ನೆ? ಒಂದ್ ಬಿಲ."

"ಬಿಲಾನಾ? ಲೇ, ಆ ಬಿಲ್ದೊಳಗೆ ಮುನ್ನೂರ್ ಜನ ಅವ್ರೆ. ಒಬ್ನ ಮ್ಯಾಲೂ ಒಂದ್ ಕಲ್ ಬಿದ್ದಿಲ್ಲ. ನಿನ್ ರಾಣಿ ಎಷ್ಟ್ ಜನಾನ ಸಾಯ್ಸವ್ಳೆ ಅಂತ ಎಣಿಸ್ತೀಯ, ನನ್ ಮುದ್ಕ ಎಷ್ಟ್ ಜನಾನ ಮ್ಯಾಕ್ ಅತ್ತುಸ್ದ ಅಂತ ಎಣ್ಸು."

"ರಾಜಕುಮಾರ ಒಬ್ಬನೇ ಸಾವಿರ ಜನರನ್ನ ಹೊಡೆದನಲ್ಲ ಮಾವ?" ಎಂದು ನಾನು ಬಾಯಿ ಹಾಕಿದೆ.

ಅಣ್ಣ ತಂಗಿ ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

"ಕತ್ತಿ ಒಡೀತು ತಾಯಿ. ಅವ್ನೇನ್ ಒಡ್ದ? ಆ ಕತ್ತೀನ ಒಂದ್ ಉಂಜದ ಕಾಲಿಗ್ ಕಟ್ಟಿದ್ರೂ ಸಾವ್ರ ಜನ ಬೀಳ್ತಾರೆ. ಅಲ್ಲ, ಪಾತಾಳುಕ್ಕೆ ಒಂದೇ ನೆಗೆತ ನೆಗುದ್ನಂತೆ. ಅಷ್ಟ್ ಕೆಳುಗ್ ಓದ್ರೆ ಕಲ್ಲು ಒಲೆ ಅಂಗ್ ಕಾದಿರ್ತದೆ. ಇವ್ನು ರೇಸ್ಮೆ ಅಂಗಿ ಆಕ್ಕೊಂಡವ್ನೆ, ಬೆವ್ರೇ ಇಲ್ಲ!" ಎಂದು ಮಾವ ಫೋನಿನ ಕಡೆಗೇ ತಿರುಗಿ "ಪೋಡಾ" ಎಂದು ಬೈದರು.

ಉಪ್ಪಿನ ಶಕ್ತಿ ಏನೆಂದು ಅಣ್ಣನಿಗೆ ತಿಳಿಸಲು ಅತ್ತೆ ಮರುದಿನ ಉಪ್ಪಿಲ್ಲದೆ ಹುರುಳಿ ಸಾರು ಮಾಡಿದರು. ಮುದ್ದೆಗೂ ಉಪ್ಪಿಲ್ಲ. ಮಾವ ಎರಡು ಮುದ್ದೆ ನುಂಗಿ, ತಟ್ಟೆ ಬಳಿದು, "ಸಾರು ಚೆಂದಾಗದೆ, ಇನ್ನೊಂದೀಟ್ ಬಿಡು" ಎಂದರು. ಅತ್ತೆ ಬಿಟ್ಟರು. ಅದನ್ನೂ ಕುಡಿದರು. ಇಬ್ಬರ ಪಕ್ಷಕ್ಕೂ ಸೇರದ ನಾನು ಅರ್ಧ ಮುದ್ದೆಗೇ ಕೈ ತೊಳೆದು, ಅವರು ಕೊಟ್ಟಿಗೆಗೆ ಹೋದಾಗ ಉಪ್ಪಿನಕಾಯಿ ನೆಕ್ಕಿಕೊಂಡೆ.

ಬಾಯಿಮಾತು ಸಾಲದಾದಾಗ ಪಂದ್ಯ ಕಟ್ಟಿದರು. ಮುಂದಿನ ಕಂತಿನಲ್ಲಿ ಯಾರ ಕೈ ಮೇಲಾಗುತ್ತದೆಂದು ದಿನಾ ಇಬ್ಬರೂ ಹೇಳಬೇಕು. ತಪ್ಪಿದವರು ಹಸುಗಳಿಗೆ ಹಿತ್ತಲ ಹೊಲದಿಂದ ಹುಲ್ಲು ಕೊಯ್ದು ತರಬೇಕು. ಎಪ್ಪತ್ತರ ಹತ್ತಿರದ ನೆಂಟರಿಂದ ಹುಲ್ಲು ಕೊಯ್ಯಿಸುವುದೇ ಎಂದು ನಾನು ಸಂಕೋಚಪಟ್ಟೆ. ಮಾವನೇ ಪಂಚೆ ಎತ್ತಿ ಕಟ್ಟಿ, "ಕೊಯ್ಯೋದು ಅವ್ಳು, ನಾನಲ್ಲ" ಎಂದರು.

ಒಂಬತ್ತು ದಿನ ಸಾಲಾಗಿ ಮಾವನೇ ಕೊಯ್ದರು.

ಅತ್ತೆ ಹೇಳಿದ್ದು ಒಂದೂ ತಪ್ಪುತ್ತಿರಲಿಲ್ಲ. "ಇವತ್ತು ರಾಣಿ ಅಡುಗಿನ ತುಂಬ ಉಪ್ಪು ಕಳುಸ್ತಾಳೆ" ಎಂದರೆ ಸಂಜೆಗೆ ಹಡಗು ತುಂಬ ಉಪ್ಪು ಬರುತ್ತಿತ್ತು. "ಇವತ್ತು ಮುದ್ಕುಂಗೆ ಕೆಮ್ಮು" ಎಂದರೆ ಮುದುಕ ಕೆಮ್ಮುತ್ತಿದ್ದ. ಅತ್ತೆಗೆ ಕತೆಯ ನಾಡಿ ಸಿಕ್ಕಿದೆ ಎಂದುಕೊಂಡೆ. ಹತ್ತನೆಯ ದಿನ ಮಧ್ಯಾಹ್ನ ಆ್ಯಪಿನ ಪಟ್ಟಿಯನ್ನು ಮೊದಲ ಸಲ ಸರಿಯಾಗಿ ನೋಡಿದರೆ, ಸಂಜೆ ಕೇಳಬೇಕಾದ, ನಾನಿನ್ನೂ ಕೇಳಿರದ ಕಂತಿನ ಮುಂದೆ ಹಸಿರು ಗುರುತು ಬಿದ್ದಿತ್ತು. ಕೇಳಿ ಮುಗಿಸಿದ್ದಕ್ಕೆ ಬೀಳುವ ಗುರುತು.

ಬೆಳಗ್ಗೆ ಹಾಲು ಕರೆಯುವಾಗ ಅತ್ತೆ ನನ್ನ ತಲೆದಿಂಬಿನ ಪಕ್ಕದಿಂದ ಫೋನು ಒಯ್ಯುತ್ತಿದ್ದರು. "ಅಸೂಗೆ ಪದ ಕೇಳುಸ್ತೀನಿ ಕಣಮ್ಮಿ, ಆಲು ಇಳೀತದೆ" ಎಂದಿದ್ದರು. ಅವರಿಗೆ ಇಂಗ್ಲಿಷು ಬಾರದು, ಆದರೆ ತ್ರಿಕೋನದ ಗುರುತು ಒತ್ತಲು ಬರುತ್ತಿತ್ತು. ಒತ್ತಿದರೆ ನಿಂತಲ್ಲಿಂದ ಮುಂದಿನ ಕಂತು ತಾನೇ ಓಡುತ್ತಿತ್ತು.

ಇದೇನತ್ತೆ ಎಂದು ಕೇಳಿಯೇಬಿಟ್ಟೆ. ಅತ್ತೆ ಒಂದಿಷ್ಟೂ ನಾಚಲಿಲ್ಲ. ಒಳಗೆ ಹೋಗಿ, ಪಕ್ಕದ ಮನೆಯ ಹಸು ಕರು ಹಾಕಿದ್ದರಿಂದ ಬಂದಿದ್ದ ಗಿಣ್ಣನ್ನು ದೊಡ್ಡ ತುಂಡು ಮಾಡಿ ತಂದು ಕೈಗಿಟ್ಟರು. "ತಿನ್ನು. ಬಾಯಿ ತುಂಬಿದ್ರೆ ಮಾತ್ ಬರಾಕಿಲ್ಲ." ತಿಂದೆ. ಏಲಕ್ಕಿ ಹಾಕಿದ್ದರು. ಎರಡು ದಿನ ಸುಮ್ಮನಿದ್ದೆ.

ಆಮೇಲೆ ಮಾಡಿದ್ದನ್ನು ನ್ಯಾಯಕ್ಕಾಗಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ರಾಜಕುಮಾರ ಗಾಯಗೊಂಡು ಬಿದ್ದ ಸಂಜೆ ನನ್ನ ಕಣ್ಣು ಒದ್ದೆಯಾಗಿತ್ತು. ಅತ್ತೆ ಅದನ್ನು ನೋಡಿ, "ಕಾಲ್ ಮುರ್ದಾಗ್ಲೂ ಇಂಗ್ ಅಳ್ಲಿಲ್ವಲ್ಲಮ್ಮಿ" ಎಂದು, ಡೈರಿಗೆ ಹಾಲು ಹಾಕಿ ಜೊತೆಗೆ ಬಂದಿದ್ದ ಹೆಂಗಸರ ಎದುರು ನಕ್ಕರು. ಆ ದಿನ ಮಲಗುವ ಮುಂಚೆ ಆ್ಯಪನ್ನು ಹತ್ತು ಕಂತು ಮುಂದಕ್ಕೆ ಸರಿಸಿಟ್ಟೆ.

ಮರುದಿನ ಅತ್ತೆಯ ನಡಿಗೆಯೇ ಬೇರೆ. ಮಾವ ಬಂದು ಚಪ್ಪಲಿ ಬಿಡುವ ಮುಂಚೆಯೇ ಸವಾಲು ಹಾಕಿದರು. "ಇವತ್ತು ನಿನ್ ಮುದ್ಕ ಸುರಂಗದ ಬೀಗದ ಕೈ ತಂದು ನನ್ ರಾಣಿ ಕಾಲತ್ರ ಇಡ್ತಾನೆ. ಇಡ್ಲಿಲ್ಲ ಅಂದ್ರೆ ಒಂದ್ ತಿಂಗ್ಳು ನಾನೇ ಉಲ್ಲು ಕೊಯ್ತೀನಿ."

"ಕೊಡಾಕಿಲ್ಲ. ಸತ್ರೂ ಕೊಡಾಕಿಲ್ಲ" ಎಂದರು ಮಾವ.

ಸಂಜೆ ನಿಜವಾದ ಕಂತು ಹಾಕಿದೆ. ರಾಣಿ ಜೌಗು ನೆಲದಲ್ಲಿ ಸಿಕ್ಕಿಬಿದ್ದಿದ್ದಳು. ಇಡೀ ಕಂತು ಅಲ್ಲೇ ನಿಂತು ಸೊಳ್ಳೆ ಹೊಡೆದುಕೊಂಡಳು. ಮುದುಕ ಬರಲೇ ಇಲ್ಲ. ಕೊನೆಯ ಸಂಗೀತ ಬಂದಾಗ ಅತ್ತೆ ಎದ್ದು ನಿಂತರು.

"ಇದಲ್ಲ! ಇದಲ್ಲ ಕಣಮ್ಮಿ, ಬೇರೆ ಆಕಿದ್ದೀಯ! ಬೀಗದ ಕೈ ಕೊಟ್ನಲ್ಲ, ಬೆಳಿಗ್ಗೆ ಕೊಟ್ನಲ್ಲ!"

ಮಾವ ನಿಧಾನವಾಗಿ ತಂಗಿಯ ಕಡೆ ತಿರುಗಿದರು. "ಬೆಳಿಗ್ಗೆನಾ?"

ಅತ್ತೆ ನನ್ನನ್ನು ನೋಡಿದರು. ನಾನು ಪ್ಲಾಸ್ಟರನ್ನು ನೋಡಿಕೊಂಡೆ. ಅವರಿಗೆ ಎಲ್ಲ ಅರ್ಥವಾಯಿತು. ಮಾವನಿಗೂ ಅರ್ಥವಾಗಿ, ಕೆಮ್ಮು ಬರುವಷ್ಟು ನಕ್ಕರು. ಹಸುಗಳು ಬೆದರಿ ಹಗ್ಗ ಜಗ್ಗಿದವು. "ಒಂಬತ್ ದಿನ! ಅಲ್ಲಲ್ಲ, ಅನ್ನೊಂದ್ ದಿನ! ಕಳ್ಳಿ!"

ನಗು ನಿಂತ ಮೇಲೆ ಅವರ ಮುಖ ಸಣ್ಣಗಾಯಿತು. "ಅಲ್ಲಮ್ಮ, ನಿಜ್ವಾಗ್ಲೂ ಕೊಡ್ತಾನಾ ಮುಂದೆ? ಬೀಗದ ಕೈ?"

ಗೆದ್ದ ಅಣ್ಣ ಹೀಗೆ ಕುಗ್ಗಿದ್ದು ನೋಡಿ ಅತ್ತೆಯ ಸಿಟ್ಟು ಇಳಿಯಿತು. ಪಕ್ಕದಲ್ಲಿ ಕೂತರು. "ಕೊಡ್ತಾನಣ್ಣ. ಸುರಂಗುಕ್ಕೆ ಸಮುದ್ರದ್ ನೀರ್ ನುಗ್ತದೆ. ರಾಣಿ ಉಪ್ ಮಾಡಿ ತಡುದ್ರೇನೇ ಆ ಮುನ್ನೂರ್ ಜನ ಉಳಿಯೋದು. ಅದುಕ್ಕೇ ಕೊಡ್ತಾನೆ. ತಲೆ ಬಗ್ಗುಸಾಕಿಲ್ಲ, ಕೊಡ್ತಾನೆ ಅಷ್ಟೇ."

"ಜನುಕ್ಕೋಸ್ಕರ ಅಂದ್ರೆ ಸರಿ ಬುಡು" ಎಂದ ಮಾವ ಆಮೇಲೆ ತಾವಾಗಿ ಒಂದು ಸಂಗತಿ ಹೇಳಿದರು. ಒಮ್ಮೆ ಗಣಿಯೊಳಗಿದ್ದಾಗ ಅವರಿಗೆ ಬಂಡೆ ಪಟಪಟ ಎಂದದ್ದು ಕೇಳಿಸಿತಂತೆ. ಜೊತೆಯವರಿಗೆ ಕೇಳಿಸಲಿಲ್ಲ. ಬೈದು, ತಳ್ಳಿ, ಎಲ್ಲರನ್ನೂ ಮೇಲೆ ಹತ್ತಿಸಿದರು. ಮೇಲೆ ಬಂದು ಟೀ ಕುಡಿಯುವಷ್ಟರಲ್ಲಿ ಕೆಳಗೆ ಅವರು ನಿಂತಿದ್ದ ಜಾಗ ಕುಸಿದಿತ್ತು.

"ನಂಗ್ ಯಾವತ್ತೂ ಯೋಳ್ಲೇ ಇಲ್ವಲ್ಲಣ್ಣ" ಎಂದರು ಅತ್ತೆ.

"ನೀನ್ ಯಾವತ್ ಕೇಳುದ್ದೆ?"

ಅತ್ತೆ ಎದ್ದು ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಹೋದರು. ಮಾವನೂ ಹಿಂದೆಯೇ ಹೋದರು. ಹನ್ನೊಂದು ದಿನದ ಅಭ್ಯಾಸ, ಕೈ ಸುಮ್ಮನಿರಲಿಲ್ಲವೇನೋ. ನನಗೆ ಶಿಕ್ಷೆ ಬೇರೆ ಸಿಕ್ಕಿತು: ಎರಡು ದಿನ ಸಕ್ಕರೆಯಿಲ್ಲದ ಕಾಫಿ.

ಆಮೇಲೆ ಪಂದ್ಯ ನಿಂತಿತು, ಜಗಳ ನಿಲ್ಲಲಿಲ್ಲ. ಪ್ಲಾಸ್ಟರ್ ಬಿಚ್ಚುವ ವಾರ ಕತೆಯೂ ಮುಗಿಯಬೇಕೆಂದು ಕೊನೆಕೊನೆಗೆ ದಿನಕ್ಕೆ ಐದಾರು ಕಂತು ಕೇಳಿದೆವು. ಕೊನೆಯಲ್ಲಿ ಮುದುಕ ಸತ್ತ, ರಾಣಿ ಸಮುದ್ರಕ್ಕೆ ಇಳಿದು ಕರಗಿದಳು, ರಾಜಕುಮಾರನಿಗೆ ಪಟ್ಟವಾಯಿತು. ನಾನು ಕೈ ತಟ್ಟಿದೆ. ತಟ್ಟಿದ್ದು ನಾನೊಬ್ಬಳೇ.

"ಇದೇನಿದು ಅನ್ಯಾಯ! ಕೆಲ್ಸ ಮಾಡಿದ್ ಇವ್ರು, ಕಿರೀಟ ಅವ್ನಿಗಾ?" ಎಂದರು ಮಾವ.

"ಬರ್ದೋನ್ಗೆ ಬುದ್ದಿ ಇಲ್ಲ" ಎಂದರು ಅತ್ತೆ. ಒಂದೂವರೆ ತಿಂಗಳಲ್ಲಿ ಅಣ್ಣ ತಂಗಿ ಒಂದೇ ಮಾತು ಹೇಳಿದ್ದು ಅದೇ ಮೊದಲು.

ಅವರು ಅಷ್ಟಕ್ಕೇ ಬಿಟ್ಟರೆಂದು ನಾನು ತಿಳಿದಿದ್ದೆ. ಕೆಲಸಕ್ಕೆ ಹೋಗತೊಡಗಿ ಹದಿನೈದು ದಿನವಾಗಿರಬಹುದು. ಬಸ್ಸಿನಲ್ಲಿ ನಮ್ಮೂರ ಡೈರಿಗೆ ಹಾಲು ಹಾಕುವ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ಗೊತ್ತೇನಕ್ಕ ಎಂದು ನನಗೇ ಕತೆ ಹೇಳಲು ಶುರುಮಾಡಿದಳು. ಉಪ್ಪಿನ ರಾಣಿಯೂ ಸುರಂಗದ ಮುದುಕನೂ ಅಣ್ಣ ತಂಗಿಯಂತೆ. ಚಿಕ್ಕಂದಿನಲ್ಲಿ ಬೇರೆಯಾದವರು. ಕೊನೆಗೆ ಬೀಗದ ಕೈಯಿಂದ ಗುರುತು ಸಿಕ್ಕಿ, ಏಳು ದ್ವೀಪಗಳನ್ನೂ ಇಬ್ಬರೇ ಆಳಿದರಂತೆ. ಯಾರೂ ಸಾಯಲಿಲ್ಲವಂತೆ.

"ರಾಜಕುಮಾರ?" ಎಂದೆ.

"ಯಾವ ರಾಜಕುಮಾರ?"

"ಮಿಂಚಿನ ಕತ್ತಿ ಇರೋನು."

ಅವಳು ಸ್ವಲ್ಪ ಯೋಚಿಸಿದಳು. "ಓ, ಅವ್ನಾ? ಅವ್ನು ರಾಣಿ ಮನೇಲಿ ಉಲ್ಲು ಕೊಯ್ಯೋನು ಕಣಕ್ಕ. ಕತ್ತಿ ಅಲ್ಲ, ಕುಡ್ಲು."

ರಾಬರ್ಟ್‌ಸನ್‌ಪೇಟೆ ಬರುವವರೆಗೂ ಅವಳೊಂದಿಗೆ ವಾದ ಮಾಡಿದೆ. ನಿಜವಾದ ಕತೆ ನನ್ನ ಫೋನಿನಲ್ಲಿದೆ, ಬೇಕಾದರೆ ಕೇಳಿಸುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ನಿಮ್ಮತ್ತೆ ಹೇಳಿದ್ದೇ ಚೆನ್ನಾಗಿದೆ, ಫೋನಿನಲ್ಲಿ ಯಾರೋ ತಪ್ಪು ಹೇಳಿರಬೇಕು ಎಂದಳು.