ಕೆನ್ನೆಯ ಕೆಂಪು

ಮೊನ್ನೆ ಬಂಗಾರಪೇಟೆಯ ನೆಂಟರ ಮನೆಯಲ್ಲಿ ಸಾವು. ತೀರಿಕೊಂಡ ಅಜ್ಜಿಯ ಸೊಸೆಯರು ಹಜಾರದಲ್ಲಿ, ಬಾಗಿಲಾಚೆ ತಮಟೆಯವರು, ನಡುವೆ ನಾನು. ಸಾಂಬ್ರಾಣಿ ಹೊಗೆ ಮೂಗಿಗೆ ಬಡಿಯುತ್ತಿತ್ತು. ಯಾರೋ "ಬೇಗ ಎತ್ರಪ್ಪ, ಬಿಸ್ಲು ಏರ್ತೈತೆ" ಅಂದರು. ನನಗೆ ಚಿನ್ನದ ಗಣಿಯೂರು ಕೋರಮಂಡಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ ನೆನಪಾದರು...

ಗಣಿ ಕೆಲಸಗಾರರ ಸಾಲುಮನೆಗಳ ನಮ್ಮ ಲೈನಿನಲ್ಲಿ ಯಾರೇ ಸತ್ತರೂ ಅತ್ತೆ ಹೋಗಿ ಹೆಣದ ಮೂಗಿನ ಕೆಳಗೆ ಬೆರಳಿಟ್ಟು ಕೂರುತ್ತಿದ್ದರು. ಗಂಟೆಗಟ್ಟಲೆ. ಅವರು ಏಳುವತನಕ ಎತ್ತಲು ಬಿಡುತ್ತಿರಲಿಲ್ಲ.

"ಬಂದ್ಲಪ್ಪ, ಯಮನ ಇನ್ಸ್‌ಪೆಕ್ಟ್ರು!" ಎಂದು ಎದುರುಮನೆಯ ಮಾವ ರೇಗಿಸುತ್ತಿದ್ದರು.

"ಸುಮ್ಕಿರ್ಲಾ. ನಿನ್ ಸರದಿಗೂ ನಾನೇ ಬರ್ಬೇಕು."

ಕಾರಣ ಗೊತ್ತಾದದ್ದು ನಾನು ಬಂಗಾರಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವಾಗ. ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಅತ್ತೆ ಕೇಳಿದರು: "ಸತ್ತೋರ ಮುಖ ಬಿಳುಚ್ಕೊಳ್ತದಲ್ವೇನೇ? ನಮ್ಮೆಜಮಾನ್ರ ಕೆನ್ನೆ ಕೆಂಪ್ಗಿತ್ತು, ನಿದ್ದೆ ಮಾಡ್ದಂಗೆ. ಬಿಸ್ಲು ಅಂತ ಮದ್ಯಾನಕ್ಕೇ ಮಣ್ಣಾಕ್ಬುಟ್ರು... ಜೀವ ಇತ್ತೇನೋ."

ಅವರ ಗಂಡ ಸತ್ತದ್ದು ಅದಿರಿನಿಂದ ಚಿನ್ನ ಬಿಡಿಸುವ ಸಯನೈಡ್ ತೊಟ್ಟಿಯ ಬಳಿ. ಜೀವವಿದ್ದವನನ್ನೇ ಹೂತುಬಿಟ್ಟೆವೇನೋ ಎಂಬ ಅನುಮಾನ ಇಟ್ಟುಕೊಂಡೇ ಅಷ್ಟು ವರ್ಷ ಅನ್ನ ಉಂಡಿದ್ದರು, ಪಾಪ.

ಗೊತ್ತಿದ್ದಷ್ಟು ಹೇಳಿದೆ. ಉಂಡ ಅನ್ನದಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಮನೆ ಕಟ್ಟುವವರು ಸಾಲಾಗಿ ನಿಂತು ಬಾಂಡಲಿ ದಾಟಿಸುವ ಹಾಗೆ, ಜೀವಕೋಶದೊಳಗಿನ ಪ್ರೋಟೀನುಗಳು ಅವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೊನೆಯದು ಉಸಿರಿನ ಆಮ್ಲಜನಕಕ್ಕೆ ಒಪ್ಪಿಸುತ್ತದೆ. ಆ ಓಟ ಇರುವವರೆಗೆ ಜೀವ. ಸಯನೈಡ್ ಆ ಕೊನೆಯ ಪ್ರೋಟೀನಿನ ಕೈಯನ್ನೇ ಕಟ್ಟಿಹಾಕುತ್ತದೆ. ಸಾಲಿಗೆ ಸಾಲೇ ನಿಂತುಬಿಡುತ್ತದೆ. ತೆಗೆದುಕೊಳ್ಳುವವರಿಲ್ಲದೆ ಆಮ್ಲಜನಕ ರಕ್ತದಲ್ಲೇ ಉಳಿಯುತ್ತದೆ. ಆಮ್ಲಜನಕ ತುಂಬಿದ ರಕ್ತದ ಬಣ್ಣ ಗಾಢ, ಅದಕ್ಕೇ ಕೆನ್ನೆ ಕೆಂಪು.

"ಅಂಗಾದ್ರೆ ಆ ಕೆಂಪು ಜೀವದ್ದಲ್ವಾ?"

"ಅಲ್ಲ ಅತ್ತೆ. ವಿಷದ್ದು."

"ನನ್ ಸಮಾದಾನಕ್ಕೆ ಅಂತಿದ್ದೀಯ."

"ಬುಕ್ನಾಗೈತೆ. ತಂದ್ ತೋರಿಸ್ಲಾ?"

"ತೋರ್ಸು. ಓದಕ್ ಬರ್ದಿದ್ರೂ ನೋಡ್ತೀನಿ."

ಪುಸ್ತಕ ತಂದು ಬಿಡಿಸಿಟ್ಟೆ. ಅತ್ತೆ ಚಿತ್ರದಲ್ಲಿದ್ದ ಪ್ರೋಟೀನುಗಳ ಸಾಲಿನುದ್ದಕ್ಕೂ ಬೆರಳಾಡಿಸಿ ಕೊನೆಯ ಪ್ರೋಟೀನಿನ ಮೇಲೆ ನಿಲ್ಲಿಸಿದರು. "ಇಲ್ಲೇನಾ?" ಅಂದರು. ನಾನು ತಲೆಯಾಡಿಸಿದೆ. ಬೆರಳು ಎಷ್ಟೋ ಹೊತ್ತು ಅಲ್ಲೇ ಇತ್ತು...

ಮುಂದಿನ ಅಮಾವಾಸ್ಯೆಗೆ ಅತ್ತೆ ಗಂಡನನ್ನು ಹೂತ ಜಾಗದ ಮೇಲೆ ಚಪ್ಪಡಿಕಲ್ಲು ಹಾಸಿಸಿದರು. ಅದುವರೆಗೂ ಅಲ್ಲಿ ಬರೀ ಮಣ್ಣಿತ್ತಂತೆ. ಭಾರ ಇಡಲು ಮನಸ್ಸು ಒಪ್ಪಿರಲಿಲ್ಲವಂತೆ.

ಈಗ ಅತ್ತೆಯೂ ಇಲ್ಲ. ಆ ಕಲ್ಲಿನ ಪಕ್ಕದಲ್ಲೇ ಮಣ್ಣು ಮಾಡಿದೆವು.